ಅವತ್ತು ನೀವು ಗುಂಡಿ ಒತ್ತಿದ್ದಿರೇನು?

ಬಸವಕಲ್ಯಾಣ
೧೨ ಜನವರಿ ೧೯೮೪

ಗುಲಬರ್ಗಾದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಶ್ರೀ ಏಕನಾಥ ಅವರಿಗೆ, ನೀವು ಮರೆತಿರಬಹುದಾದ ದಿಗಂಬರನ ನಮಸ್ಕಾರ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಎರಡನೇ ಸಾಲಿಗೇ ನೀವು ಕಾಗದ ಮಡಚಿ ಇಟ್ಟೀರಿ. ೧೯೬೮ರ ಡಿಸೆಂಬರಿನಲ್ಲಿ ನೀವು ಬಸವಕಲ್ಯಾಣದ ಕಿಲ್ಲಾಕ್ಕೆ ಬಂದಿದ್ದಿರಿ. ಕೋಟೆಯ ಗೋಡೆ ಅಳೆಯುವ ಮಂದಿ ಬಂದಿದ್ದರಲ್ಲ, ಅವರ ಜೊತೆ ಫೋಟೋದ ಕೆಲಸಕ್ಕೆ. ಆವಾಗ ನಿಮಗೆ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಒಂದು ರವಿವಾರ ಮುಂಜಾನೆ ದೊಡ್ಡ ಬಾಗಿಲ ಹತ್ತಿರ ಒಬ್ಬ ಹೆಣ್ಣುಮಗಳಿಗೆ "ಅಕ್ಕಾರ, ನಿಮ್ಮದೊಂದು ಫೋಟೋ ತೆಗೀಲೇನ್ರೀ?" ಅಂತ ಕೇಳಿದಿರಿ. ಆಕೆಯ ಗಂಡ ನಿಮ್ಮ ಮೇಲೆ ಹರಿಹಾಯ್ದು, "ಪರ್ಮಿಷನ್ ನಾಟ್ ಗ್ರಾಂಟೆಡ್!" ಅಂತ ಇಂಗ್ಲಿಷಿನಲ್ಲಿ ಒದರಿದ. ಹಾಗೆ ಒದರಿದವನು ನಾನು.

ಆ ಹೆಣ್ಣುಮಗಳು ನನ್ನ ಹೆಂಡತಿ ಸುಮನಬಾಯಿ. ಹೋದ ಮಾಘದಲ್ಲಿ ತೀರಿಕೊಂಡಳು. ಬರುವ ತಿಂಗಳು ವರ್ಷದ ಪೂಜೆ. ಗೋಡೆಗೆ ಹಾಕಿ ಹೂವಿನ ಸರ ಏರಿಸುವುದಕ್ಕೆ ಆಕೆಯ ಒಂದು ಫೋಟೋ ಬೇಕಾಗಿದೆ. ನನ್ನ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇರಬಹುದು. ಇಲ್ಲದೆಯೂ ಇರಬಹುದು. ಇಷ್ಟು ಕೇಳುವುದಕ್ಕೆ ಒಂದು ಕಾರ್ಡು ಸಾಕಾಗಿತ್ತು. ಮೂರು ಕಾರ್ಡು ಬರೆದೆ, ಮೂರೂ ಹರಿದೆ. ಬಯ್ದವನು ಹದಿನೈದು ವರ್ಷದ ಮೇಲೆ ಬೇಡುವುದಕ್ಕೆ ಬಂದಾಗ ಕಾರಣ ಪೂರ್ತಿ ಹೇಳಬೇಕಲ್ಲ. ಆದರೆ ಎಲ್ಲಿಂದ ಶುರು ಮಾಡಿದರೂ ಹಿಂದಿನದೊಂದು ಮಾತು ಉಳಿದುಬಿಡುತ್ತದೆ. ಅದಕ್ಕೇ ಇದು ಉದ್ದ ಆಗುತ್ತದೆ, ಬ್ಯಾಸರಾ ಮಾಡಿಕೊಳ್ಳದೆ ಓದಿರಿ.

ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ ಐವತ್ತಾರರಲ್ಲಿ, ನಾನು ಹೈದರಾಬಾದಿಗೆ ಹೋಗಿ ಒಂದು ಡಬ್ಬಿ ಕ್ಯಾಮೆರಾ ತಂದೆ. ಸೆಕೆಂಡ್ ಹ್ಯಾಂಡು. ಆವಾಗ ನಾನು ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳುವ ಕೆಲಸದಲ್ಲಿದ್ದೆ. ಕಾಲೇಜಿಗೆ ಹೋದವನು ಹೌದು, ಗುಲಬರ್ಗಾದಲ್ಲಿಯೇ. ಪಾಠವೆಲ್ಲ ಉರ್ದುವಿನಲ್ಲಿ, ಇಂಗ್ಲಿಷ್ ಒಂದು ಬೇರೆ ವಿಷಯ. ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಎರಡನೇ ವರ್ಷ ಅರ್ಧಕ್ಕೇ ನಿಂತಿತು. ಹಂಗಾಗಿ ನನ್ನ ಇಂಗ್ಲಿಷೂ ಅರ್ಧಕ್ಕೇ ನಿಂತದ. ಕ್ಯಾಮೆರಾದ ಜೊತೆ ಒಂದು ಸಣ್ಣ ಪುಸ್ತಕ ಬಂದಿತ್ತು. ಅದರಲ್ಲಿ ಪರಿಚಯ ಇಲ್ಲದವರ ಫೋಟೋ ತೆಗೆಯುವಾಗ ಹ್ಯಾಂಗ ನಡೆದುಕೊಳ್ಳಬೇಕು ಅಂತ ಒಂದು ಪುಟ ಇತ್ತು. ಅರ್ಧ ತಿಳಿಯಿತು. ‘ಡಿಸ್ಕ್ರೀಟ್’ ಅಂತ ಒಂದು ಶಬ್ದ ಇತ್ತು, ನಾನು ಅದನ್ನು ಕದ್ದು ಅಂತ ಅರ್ಥ ಮಾಡಿಕೊಂಡೆ. ಮುಂದೆ ಎಷ್ಟೋ ವರ್ಷದ ಮೇಲೆ ನನ್ನ ಅಳಿಯ ಡಿಕ್ಷನರಿ ನೋಡಿ, "ಮಾಮಾ, ಅದು ಕದ್ದು ಅಲ್ರಿ, ಸೂಕ್ಷ್ಮ ತಿಳಿದು ಅಂತ" ಅಂದ. ಅಷ್ಟರಲ್ಲಿ ನಾನು ಮಾಡುವುದೆಲ್ಲ ಮಾಡಿ ಮುಗಿದಿತ್ತು. ಪುಸ್ತಕದ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಆ ಶಬ್ದ ಖರೇ ತಿಳಿದಿದ್ದರೂ ನಾನು ಕದಿಯುತ್ತಲೇ ಇದ್ದೆ ಅಂತ ಕಾಣುತ್ತದೆ.

ಯಾಕಂದರೆ ಮೊದಲು ಕೇಳಿಯೇ ತೆಗೆಯಬೇಕು ಅಂತ ಹೊರಟವನು ನಾನು. ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಪಂಡರಿ ಅಂತ ಒಬ್ಬ ಭಾಂಡೆಗೆ ಕಲಾಯಿ ಹಾಕುತ್ತಿದ್ದ. ಕುಣಿಯಲ್ಲಿ ಕೆಂಡ ಊದಿ, ತಪೇಲಿ ಬಿಸಿ ಮಾಡಿ, ನವಸಾಗರ ಹಾಕಿ ಹತ್ತಿಯಿಂದ ತಿಕ್ಕಿದಾಗ ಬಿಳಿ ಹೊಗೆ ಏಳುತ್ತಿತ್ತು. ಆ ಹೊಗೆಯೊಳಗೆ ಅವನ ಮುಖ ಒಂದು ಕ್ಷಣ ಮುಳುಗಿ ಮೇಲೆ ಬರುತ್ತಿತ್ತು. ಅದೊಂದು ಬೇಕು ಅಂತ ಹೋಗಿ ಕೇಳಿದೆ. ಪಂಡರಿ ತಪೇಲಿ ಕೆಳಗಿಟ್ಟ. "ಸಾಹೇಬ್ರ, ನಂದಾ? ಖರೇನಾ? ಒಂಚೂರು ತಡೀರಿ" ಅಂತ ಎದ್ದು ಹೋದವನು ಒಂದು ತಾಸು ಬರಲಿಲ್ಲ. ಬಂದಾಗ ಮೈ ತೊಳೆದುಕೊಂಡು, ಯಾರದೋ ಕರೀ ಕೋಟು ಹಾಕಿಕೊಂಡು, ತಲೆಗೆ ಎಣ್ಣೆ ಬಳಿದುಕೊಂಡು ಬಂದಿದ್ದ. ಕೆಂಡ ಆರಿತ್ತು. ಗಿಡಕ್ಕೆ ಬೆನ್ನು ಹಚ್ಚಿ, ಕೈ ಎರಡೂ ತೊಡೆಗೆ ಅಂಟಿಸಿ, ಉಸಿರು ಹಿಡಿದು ನಿಂತ. ತೆಗೆದೆ. ಆ ಫೋಟೋದಲ್ಲಿ ಕೋಟು ಇದೆ, ಪಂಡರಿ ಇಲ್ಲ. ಅವನಿಗೆ ಮಾತ್ರ ಅದು ಭಾಳ ಸೇರಿತು. "ನೋಡ್ರಿ, ನಾ ತಹಶೀಲ್ದಾರನಂಗ ಕಾಣ್ತೀನಿ" ಅಂತ ಹುಡಗಿ ಊರಿಗೆ ಹೋಗುವ ಬಸ್ಸಿನವರಿಗೆಲ್ಲ ತೋರಿಸಿದ.

ಈಗ ನೀವೇ ಹೇಳಿರಿ, ಯಾವುದು ಅವನ ಫೋಟೋ? ಹೊಗೆಯೊಳಗಿನದು ನನಗೆ ಬೇಕಾಗಿದ್ದ ಪಂಡರಿ, ಕೋಟಿನದು ಅವನಿಗೆ ಬೇಕಾಗಿದ್ದ ಪಂಡರಿ. ನಾನು ಆವಾಗ ನನ್ನದೇ ಸರಿ ಅಂದುಕೊಂಡೆ. ಕೇಳಿದರೆ ಮುಖ ಓಡಿಹೋಗುತ್ತದೆ, ಕೇಳಬಾರದು ಅಂತ ಗಂಟು ಹಾಕಿಕೊಂಡೆ.

ಮರುವರ್ಷ ಲಗ್ನ ಆಯಿತು. ಸುಮನಬಾಯಿ ನನ್ನ ಮನೆಗೆ ಬಂದಳು. ನನ್ನ ಕಳ್ಳತನಕ್ಕೆ ಒಂದು ಉಪಾಯ ಸಿಕ್ಕಿತು. ಇದನ್ನು ಬರೆಯುವುದಕ್ಕೆ ನಾಚಿಕೆ ಆಗಾಕತ್ತದ, ಆದರೂ ಬರೆಯುತ್ತೇನೆ, ನಿಮ್ಮ ಕಸುಬಿನವರಿಗೆ ಕೂಡಲೇ ತಿಳಿಯುತ್ತದೆ. ಮಾಣಿಕನಗರದ ಓಣಿಯಲ್ಲಿಯೋ, ಚಿಟಗುಪ್ಪದ ಸಂತೆಯಲ್ಲಿಯೋ ಒಬ್ಬರ ಮುಖ ನನಗೆ ಬೇಕಾಯಿತು ಅಂತ ಇಟ್ಟುಕೊಳ್ಳಿರಿ. ನಾನು ಸುಮನಬಾಯಿಯನ್ನು ಅವರಿಗೂ ನನಗೂ ನಡುವೆ ನಿಲ್ಲಿಸುತ್ತಿದ್ದೆ. "ಇಲ್ಲಿ ನಿಂದರು, ಒಂಚೂರು ಎಡಕ್ಕ, ಈಗ ನನ್ನ ಕಡೆ ನೋಡು" ಅಂತ ನಾಲ್ಕು ಮಂದಿಗೆ ಕೇಳಿಸುವ ಹಂಗ ಹೇಳುತ್ತಿದ್ದೆ. ಜನ, ಪಾಪ, ಗಂಡ ತನ್ನ ಹೆಂಡತಿಯ ಫೋಟೋ ತೆಗೆಯುತ್ತಾನೆ ಅಂತ ತಮ್ಮ ಪಾಡಿಗೆ ತಾವು ಇರುತ್ತಿದ್ದರು. ನಾನು ಆಕೆಯ ಹೆಗಲ ಮೇಲಿಂದ ಹಿಂದಿನವರನ್ನು ಹಿಡಿಯುತ್ತಿದ್ದೆ. ಡಬ್ಬಿ ಕ್ಯಾಮೆರಾದಲ್ಲಿ ಹತ್ತಿರ ಇದ್ದದ್ದು ಮಸುಕು ಮಸುಕು ಬರುತ್ತದೆ, ದೂರದ್ದು ಚೊಕ್ಕ ಬರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಕೆಯನ್ನು ನಾಲ್ಕು ಫೂಟಿನಲ್ಲಿ ನಿಲ್ಲಿಸುತ್ತಿದ್ದೆ.

ಆಕೆಗೂ ಗೊತ್ತಿತ್ತು. ಮೊದಲ ರೋಲು ತೊಳೆಸಿಕೊಂಡು ಬಂದಾಗಲೇ ಗೊತ್ತಾಯಿತು. ಎಂಟು ಫೋಟೋದಲ್ಲಿ ಎಂಟೂ ಕಡೆ ಯಾರ ಯಾರದೋ ಮುಖ, ಮೂಲೆಯಲ್ಲಿ ಮಂಜಿನಂಥ ಒಂದು ಸೆರಗು. "ನಾ ಎಲ್ಲಿ ಇದರಾಗ?" ಅಂದಳು. ನಾನು ಆ ಮಂಜು ತೋರಿಸಿದೆ. ನಕ್ಕಳು, ನಗುವುದು ಬಿಟ್ಟು ಏನು ಮಾಡಿಯಾಳು, ಲಗ್ನ ಆಗಿ ಮೂರು ತಿಂಗಳು. "ಒಮ್ಮಿ ನಂದೂ ತೆಗೀರಿ" ಅಂತ ಅಂದದ್ದು ನೆನಪಿದೆ. "ನಿನ್ನ ಮುಖ ಮನ್ಯಾಗೇ ಅದಲ್ಲ, ಯಾವಾಗ ಬೇಕಾದ್ರೂ ತೆಗೀಬಹುದು. ಅವರು ಮತ್ತ ಸಿಗ್ತಾರೇನು?" ಅಂದೆ. ಆ ಮಾತಿನಲ್ಲಿ ತಪ್ಪೇನಿದೆ ಅಂತ ಆವಾಗ ಯಾರಾದರೂ ಕೇಳಿದ್ದರೆ ನನಗೆ ಉತ್ತರ ತೋಚುತ್ತಿರಲಿಲ್ಲ.

ಹನ್ನೊಂದು ವರ್ಷ ಹೀಗೆ ನಡೆಯಿತು. ಹುಮನಾಬಾದದಲ್ಲಿ ಒಬ್ಬಾಕೆಗೆ ಮಾತ್ರ ನನ್ನ ಆಟ ತಿಳಿದಿತ್ತು. ಜಿಜಾಬಾಯಿ ಅಂತ, ಬಸ್ಸಿನ ಕಿಟಕಿಗೆ ಬುಟ್ಟಿ ಎತ್ತಿ ಪೇರಲಹಣ್ಣು ಮಾರುತ್ತಿದ್ದಳು. ಬಾಯಿ ಅಂದರೆ ಬಾಯಿ. ಒಂದು ದಿನ ಮಂದಿಯ ನಡುವೆಯೇ ಅಂದುಬಿಟ್ಟಳು: "ಏ ಟೈಮಿನ ಸಾಹೇಬಾ, ಕ್ಯಾಮೆರಾ ಹೇಣ್ತಿ ಮ್ಯಾಲ, ಕಣ್ಣು ಊರ ಮ್ಯಾಲ! ಸುಮನಾ, ನಿನ್ನ ಗಂಡ ನಿನ್ನ ಬಾಗಿಲ ಪರದೆ ಮಾಡ್ಯಾನ ನೋಡವ್ವ." ಎಲ್ಲರೂ ನಕ್ಕರು. ಸುಮನಬಾಯಿಯೂ ನಕ್ಕಳು, ಆದರೆ ಮನೆ ಮುಟ್ಟುವವರೆಗೆ ನನ್ನ ಹಿಂದೆಯೇ ನಡೆದಳು, ಜೊತೆ ನಡೆಯಲಿಲ್ಲ.

ಅದೇ ಜಿಜಾಬಾಯಿಯನ್ನೂ ನಾನು ಕದ್ದಿದ್ದೆ. ಬಾಯಿ ತುಂಬ ನಗುವಾಗ. ಮುಂದಿನ ಎರಡು ಹಲ್ಲು ಇರಲಿಲ್ಲ ಆಕೆಗೆ. ನನ್ನ ಎಲ್ಲ ಫೋಟೋಗಳಲ್ಲಿ ಅಷ್ಟು ಜೀವ ಇದ್ದದ್ದು ಮತ್ತೊಂದಿಲ್ಲ. ಖುಷಿಪಟ್ಟಾಳು ಅಂತ ಒಂದು ಪ್ರತಿ ಒಯ್ದು ಕೊಟ್ಟೆ. ಭಾಳ ಹೊತ್ತು ನೋಡಿದಳು. ಆಮೇಲೆ, "ಹೇಳಿದ್ರ ಬಾಯಿ ಮುಚ್ಕೋತಿದ್ದೆನಲ್ಲೋ ಯಪ್ಪಾ" ಅಂದಳು, ಅಷ್ಟೇ. ಹರಿಯುತ್ತಾಳೆ ಅಂದುಕೊಂಡೆ, ಹರಿಯಲಿಲ್ಲ. ಬುಟ್ಟಿಯ ತಳದಲ್ಲಿ, ಹಣ್ಣಿನ ಕೆಳಗೆ, ಬೋರಲು ಹಾಕಿ ಇಟ್ಟುಕೊಂಡಳು. ತಿಂಗಳುಗಟ್ಟಲೆ ಅದು ಅಲ್ಲಿಯೇ ಇತ್ತು. ಬೇಡವಾಗಿದ್ದರೆ ಯಾಕೆ ಇಟ್ಟುಕೊಂಡಳು, ಬೇಕಾಗಿದ್ದರೆ ಯಾಕೆ ಬೋರಲು ಹಾಕಿದಳು? ಕಾಲೇಜಿನಲ್ಲಿ ನಮಗೆ ಒಂದು ಮಾತು ಕಲಿಸಿದ್ದರು, ‘ಸೈಲೆನ್ಸ್ ಈಸ್ ಹಾಫ್ ಕನ್ಸೆಂಟ್’ ಅಂತ. ಸುಮ್ಮನಿದ್ದರೆ ಅರ್ಧ ಒಪ್ಪಿದಂತೆ. ಹಾಗಾದರೆ ಉಳಿದ ಅರ್ಧ ಏನು? ಅದನ್ನು ಮಾಸ್ತರರು ಹೇಳಲಿಲ್ಲ, ಅಥವಾ ಹೇಳಿದ ದಿನ ನಾನು ಕ್ಲಾಸಿನಲ್ಲಿ ಇರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಆ ರವಿವಾರ ನನಗೆ ಸೂಟಿ. ಇಬ್ಬರೂ ಹುಮನಾಬಾದದಿಂದ ನಮ್ಮೂರಾದ ಬಸವಕಲ್ಯಾಣಕ್ಕೆ ಬಂದಿದ್ದೆವು. ಕಿಲ್ಲಾದಲ್ಲಿ ಕಲ್ಲು ಸರಿಸುವ ಕೆಲಸ ನಡೆದದ, ಹೆಣ್ಣುಮಕ್ಕಳು ಸಾಲಾಗಿ ಬುಟ್ಟಿ ಹೊತ್ತು ಇಳಿಯುತ್ತಾರ ಅಂತ ಕೇಳಿ ನಾನು ಕ್ಯಾಮೆರಾ ತಗೊಂಡು ಹೊರಟೆ. ಸುಮನಬಾಯಿ ಆ ದಿನ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ತವರಿನದು. ದೊಡ್ಡ ಬಾಗಿಲ ಹತ್ತಿರ ಆಕೆಯನ್ನು ಯಥಾಪ್ರಕಾರ ನಿಲ್ಲಿಸಿದೆ. ಆಕೆಯ ಬೆನ್ನ ಹಿಂದೆ ಇಳಿಜಾರು, ಅಲ್ಲಿಂದ ಬುಟ್ಟಿಯ ಸಾಲು ಬರಬೇಕು. "ಇನ್ನೊಂಚೂರು ಎಡಕ್ಕ" ಅಂದೆ. ಕ್ಯಾಮೆರಾದ ಸಣ್ಣ ಗಾಜಿನೊಳಗೆ ತಲೆ ಬಗ್ಗಿಸಿ ಕಾಯುತ್ತಾ ನಿಂತೆ. ಸಾಲು ಬರುವುದರೊಳಗೆ ಅಲ್ಲಿ ನೀವು ಬಂದಿರಿ. ಎದೆಗೆ, ಮೇಲಿಂದ ಬಗ್ಗಿ ನೋಡುವ ಎರಡು ಕಣ್ಣಿನ ಕ್ಯಾಮೆರಾ ತೂಗುಹಾಕಿಕೊಂಡು.

ನೀವು ಕೇಳಿದಿರಿ. ಆಕೆ ನಿಮ್ಮ ಕಡೆ ತಿರುಗಿದಳು. ನನ್ನ ಬೆರಳು ಗುಂಡಿಯ ಮೇಲಿತ್ತು, ರೂಢಿಯ ಮೇಲೆ ಒತ್ತಿಬಿಟ್ಟೆ. ಆಮೇಲೆ ಒದರಿದೆ.

ಆವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಈ ಹನ್ನೊಂದು ತಿಂಗಳಿನಿಂದ ಹುಡುಕಾಕತ್ತೇನಿ. ನನ್ನ ಫೋಟೋ ಕೆಟ್ಟಿತಲ್ಲ ಅಂತ ಸಿಟ್ಟೇ? ಪರ ಗಂಡಸು ಹೆಂಡತಿಯನ್ನು ಮಾತಾಡಿಸಿದ ಅಂತ ಸಿಟ್ಟೇ? ಅಥವಾ ಹನ್ನೊಂದು ವರ್ಷ ನಾನು ಯಾರನ್ನೂ ಕೇಳದೆ ಮಾಡಿದ್ದನ್ನು ಇಪ್ಪತ್ತು ವರ್ಷದ ಹುಡುಗ ಹಾಡುಹಗಲು ನಡೆದು ಬಂದು, ಅಕ್ಕಾರ ಅಂತ ಕರೆದು, ಮರ್ಯಾದೆಯಿಂದ ಕೇಳಿದನಲ್ಲ, ಅದಕ್ಕೇನು? ಮೂರೂ ಇರಬಹುದು. ನೀವು ಮಾತ್ರ "ಮಾಫ್ ಮಾಡ್ರಿ ಸಾಹೇಬ್ರ, ತಪ್ಪಾಯ್ತು" ಅಂತ ಇಳಿದು ಹೋದಿರಿ. ಕೇಳಿದವನು ಮಾಫಿ ಕೇಳಿದ, ಕೇಳದೇ ತೆಗೆಯುವವನು ಎದೆಯುಬ್ಬಿಸಿ ನಿಂತ.

ಊರಿನಿಂದ ಹುಮನಾಬಾದಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಹೊರಗೆ ನೋಡುತ್ತಾ ಕುಂತಿದ್ದಳು. ಜೋಳದ ಹೊಲ ತೆನೆ ಕಟ್ಟಿದ್ದವು. ಅರ್ಧ ದಾರಿ ಆದ ಮೇಲೆ ಅಂದಳು:

"ಆ ಹುಡುಗ ನನಗ ಕೇಳಿದ್ದ. ನಿಮಗಲ್ಲ."

"ಅಂದ್ರ?"

"ಅಂದ್ರ ಏನಿಲ್ರಿ. ಇಷ್ಟು ವರ್ಷದಾಗ ನಿಮ್ಮದೊಂದು ಫೋಟೋ ತೆಗೀಲೇನು ಅಂತ ನನಗ ಕೇಳಿದಾವ ಅವನೊಬ್ಬನೇ. ಜವಾಬು ನೀವು ಕೊಟ್ರಿ."

ನಾನು ಏನೋ ಗೊಣಗಿದೆ. ಮಂದಿ ಏನಂದಾರು, ಆ ಫೋಟೋ ಎಲ್ಲೆಲ್ಲಿ ಹೋದೀತು, ಯಾರ ಯಾರ ಕೈಗೆ ಬಿದ್ದೀತು, ಹೀಗೆ. ಆಕೆ ನನ್ನ ಕಡೆ ತಿರುಗಿ ನೋಡಿದಳು. ಕೋಪ ಇರಲಿಲ್ಲ, ತಮಾಷೆ ನೋಡಿದಂತೆ ಇತ್ತು. "ನಿಮ್ಮ ಟ್ರಂಕಿನಾಗ ಅದಾರಲ್ಲ, ಆ ಹೆಣ್ಮಕ್ಕಳು ಯಾರ ಹೇಣ್ತೇರ್ರಿ?" ಅಂದಳು. ಆಮೇಲೆ, "ನಾಳಿಂದ ನಾ ನಿಂದ್ರಂಗಿಲ್ಲ. ನಿಮಗ ಒಂದು ಗ್ವಾಡಿ ಬೇಕು. ಗ್ವಾಡಿ ಹುಡುಕ್ಕೊಳ್ರಿ."

ಮನೆಗೆ ಬಂದು ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ನನಗೆ ಬಡಿಸಿದಳು, ಎಲ್ಲ ಹಂಗೇ. ಆದರೆ ಅಂದ ಮಾತಿಗೆ ನಿಂತಳು. ಅದಾದ ಮೇಲೆ ಹದಿನಾಲ್ಕು ವರ್ಷ ನನ್ನ ಕ್ಯಾಮೆರಾದ ಮುಂದೆ ಒಮ್ಮೆಯೂ ನಿಲ್ಲಲಿಲ್ಲ. ಮಸುಕಾಗಿಯೂ ಇಲ್ಲ. ಎರಡು ಮೂರು ಸಲ ನಾನು ಖರೇ ಅವಳದೇ ತೆಗೆಯಬೇಕು ಅಂತ ಕರೆದೆ. "ಹಿಂದ ಯಾರ ಅದಾರ?" ಅಂತ ಕೇಳಿ ನಕ್ಕು ಒಳಗೆ ಹೋದಳು. ಯಾರೂ ಇಲ್ಲ, ನಿನ್ನದೇ ಅಂದರೂ ನಂಬಲಿಲ್ಲ. ನಾನೂ ಹಟ ಬಿಟ್ಟೆ. ಕ್ಯಾಮೆರಾ ಟ್ರಂಕು ಸೇರಿತು.

ಹೋದ ವರ್ಷ ಆಕೆ ಎರಡೇ ವಾರದ ಜ್ವರದಲ್ಲಿ ಹೋದಳು. ಮಣ್ಣು ಮಾಡಿ ಬಂದ ಮೂರನೇ ದಿನ ನನ್ನ ಮಗಳು ಕಮಳಾ, ಚಿಟಗುಪ್ಪಕ್ಕೆ ಕೊಟ್ಟ ಮಗಳು, "ಅಪ್ಪಾ, ಅವ್ವಂದೊಂದು ಫೋಟೋ ತೆಗೆದಿಡ್ರಿ, ದೊಡ್ಡದು ಮಾಡಿಸೂಣು" ಅಂದಳು. ನಾನು ಟ್ರಂಕು ತೆಗೆದೆ. ಅವಳೂ ಜೊತೆಗೆ ಕುಂತಳು. ಲಗ್ನದ ಫೋಟೋದಲ್ಲಿ ಬಾಸಿಂಗದ ಸರದ ಹಿಂದೆ ಗದ್ದ ಒಂದೇ ಕಾಣುತ್ತದೆ. ಉಳಿದದ್ದೆಲ್ಲ ನನ್ನ ಹನ್ನೊಂದು ವರ್ಷದ ಕಳುವು. ಪೇರಲ ಮಾರುವವಳು, ಕುದುರೆಗೆ ನಾಲ ಹೊಡೆಯುವವನು, ಉರುಸಿಗೆ ಬಂದ ಫಕೀರ, ಬಸ್ಸು ತಪ್ಪಿಸಿಕೊಂಡು ಅಳುವ ಮುದುಕಿ. ನಾಲ್ಕು ನೂರು ಮುಖ. ಪ್ರತಿಯೊಂದರ ಮೂಲೆಯಲ್ಲಿ ಹೊಗೆಯಂತೆ ಒಂದು ಹೆಗಲು, ಒಂದು ಕಿವಿ, ತುರುಬಿನ ಅಂಚು. ಕಮಳಾ ಒಂದೊಂದೇ ಎತ್ತಿ ನೋಡಿ ಕೆಳಗಿಟ್ಟಳು. ಸಂಜೆ ತನಕ ನೋಡಿದಳು. ಕೊನೆಗೆ, "ಅಪ್ಪಾ, ಈ ಮಂದಿ ಯಾರೂ ನಮ್ಮವರಲ್ಲಲ್ಲ" ಅಂದಳು. ಬಯ್ದಿದ್ದರೆ ಚಲೋ ಇತ್ತು.

ಆ ಟ್ರಂಕಿನಲ್ಲಿಯೇ ನಿಮ್ಮ ಫೋಟೋ ಸಿಕ್ಕಿತು. ಆ ರವಿವಾರ ರೂಢಿಯ ಮೇಲೆ ಒತ್ತಿದ್ದೆನಲ್ಲ, ಅದು. ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿಮ್ಮದು. ನಿಮ್ಮನ್ನು ಕೇಳದೆ ತೆಗೆದದ್ದು, ಇಷ್ಟು ವರ್ಷ ಇಟ್ಟುಕೊಂಡದ್ದು ಎರಡೂ ನನ್ನ ತಪ್ಪು, ಈಗ ಒಪ್ಪಿಸಿದ್ದೇನೆ. ಅದನ್ನು ಬೆಳಕಿಗೆ ಹಿಡಿದು ನೋಡಿರಿ. ಮುಂದೆ ಮಸುಕಾಗಿ ಕಾಣುವುದು ಸುಮನಬಾಯಿಯ ತಲೆಯ ಹಿಂಭಾಗ. ಅದರ ಆಚೆ ನೀವು, ಚೊಕ್ಕ ಬಂದಿದ್ದೀರಿ, ಅಂಗಿಯ ಗುಂಡಿ ಎಣಿಸಬಹುದು. ನಿಮ್ಮ ತಲೆ ಬಗ್ಗಿದೆ. ಬಲಗೈ ಕ್ಯಾಮೆರಾದ ಕೆಳಗೆ ಹೋಗಿದೆ. ಬೆರಳು ಕಾಣುವುದಿಲ್ಲ.

ಇದೇ ನನ್ನ ತಲೆ ಕೆಡಿಸಿದ್ದು, ಏಕನಾಥ ಅವರೇ. ನೀವು ಮರ್ಯಾದೆಗೆ ತಲೆ ಬಗ್ಗಿಸಿ ಕೇಳುತ್ತಿದ್ದಿರೋ, ಕ್ಯಾಮೆರಾದ ಗಾಜಿನೊಳಗೆ ನೋಡುತ್ತಿದ್ದಿರೋ? ಆ ಎರಡು ಕಣ್ಣಿನ ಕ್ಯಾಮೆರಾ ಎದೆಗೆ ತೂಗಿದ್ದಾಗ ಒತ್ತಿದ್ದು ಎದುರಿನವರಿಗೆ ತಿಳಿಯುವುದಿಲ್ಲ ಅಂತ ಹೇಳುತ್ತಾರೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ. ಕಮಳಾಗೆ ತೋರಿಸಿದೆ, "ಒತ್ಯಾರ ಅಪ್ಪಾ, ಖರೇ ಒತ್ಯಾರ" ಅನ್ನುತ್ತಾಳೆ. ಅವಳಿಗೆ ಹಂಗ ಕಾಣಲೇಬೇಕು. ಹುಮನಾಬಾದದಲ್ಲಿ ನನ್ನ ರೋಲು ತೊಳೆದುಕೊಡುತ್ತಿದ್ದ ಸ್ಟುಡಿಯೋದ ಮೊಹಿನುದ್ದೀನ್‌ಗೆ ತೋರಿಸಿದೆ. ನಿಮ್ಮ ಹೆಸರು, ಊರು ಹೇಳಿದ್ದು ಅವರೇ, ಆ ಸಲ ನೀವು ಅವರ ಹತ್ತಿರ ರೋಲು ಕೊಂಡಿದ್ದಿರಂತೆ, ಮುಂದೆ ಗುಲಬರ್ಗಾದಲ್ಲಿ ನಿಮ್ಮ ಬೋರ್ಡು ನೋಡಿದರಂತೆ. ಮೊಹಿನುದ್ದೀನ್ ಫೋಟೋ ನೋಡಿ ಗಡ್ಡ ತುರಿಸಿಕೊಂಡು ಅಂದರು: "ದಿಗಂಬರ್ ಭಾಯಿ, ನಾ ಅವನ್ನ ಬಲ್ಲೆ. ಇಜಾಜತ್ ಇಲ್ದ, ಕೇಳದ ಒತ್ತೋ ಪೈಕಿ ಅಲ್ಲ ಅವ. ನೀ ನಿನ್ನಂಗ ಅವನ್ನ ತಿಳೀಬ್ಯಾಡ." ಹೊಗಳಿಕೆ ನಿಮಗೆ, ಪೆಟ್ಟು ನನಗೆ. ಆದರೆ ಪೆಟ್ಟಿಗಿಂತ ಹೆಚ್ಚು ನೋಯಿಸಿದ್ದು ಆ ಹೊಗಳಿಕೆಯೇ.

ಯಾಕಂದರೆ ನಾನು ನೀವು ಕಳ್ಳರಾಗಿರಲಿ ಅಂತ ದೇವರಿಗೆ ಕೈ ಮುಗಿದವನು. ಕೇಳುವ ಮೊದಲೇ ಒಂದು ಒತ್ತಿ, ಆಮೇಲೆ ಮರ್ಯಾದೆಗೆ ಕೇಳಿದ್ದರೆ? ಅಥವಾ ನಾನು ಒದರುವಾಗ ಹೆದರಿ ಬೆರಳು ಜಾರಿದ್ದರೆ? ನಿಮ್ಮ ಯಾವುದೋ ಹಳೇ ಡಬ್ಬಿಯಲ್ಲಿ, ಕಿಲ್ಲಾದ ಗೋಡೆಗಳ ನಡುವೆ, ಹಸಿರು ಸೀರೆಯ ಒಬ್ಬ ಹೆಣ್ಣುಮಗಳು ಇದ್ದಾಳೇನು? ಇದ್ದರೆ ಅದು ನನ್ನ ಮಾತು ಮೀರಿ ತೆಗೆದದ್ದು, ಮತ್ತು ಜಗತ್ತಿನಲ್ಲಿ ಆಕೆಯ ಮುಖ ಉಳಿದಿರುವುದು ಅದೊಂದರಲ್ಲಿಯೇ. ಇಲ್ಲದಿದ್ದರೆ ನೀವು ಸಜ್ಜನರು. ಆದರೆ ನಿಮ್ಮ ಸಜ್ಜನಿಕೆ ನನ್ನ ಗೋಡೆಯ ಮೇಲೆ ಖಾಲಿ ಮೊಳೆಯಾಗಿ ಉಳಿಯುತ್ತದೆ. ಏನು ಬಯಸಲಿ ನಾನು? ಕದಿಯುವುದು ತಪ್ಪು ಅಂತ ಈಗಷ್ಟೇ ತಿಳಿದವನು, ಇನ್ನೊಬ್ಬ ಕದ್ದಿರಲಿ ಅಂತ ಹಂಬಲಿಸುವುದು ಎಂಥದು? ಕೇಳಿ ತೆಗೆದರೆ ಕೋಟು ಬರುತ್ತದೆ, ಕದ್ದು ತೆಗೆದರೆ ಹಲ್ಲಿಲ್ಲದ ನಗು ಕಾಣುತ್ತದೆ ಅಂತ ಇಷ್ಟು ದಿನ ತೂಗುತ್ತಿದ್ದೆ. ಕೇಳಿದಾಗ ಮುಖ ಅರಳುವವರೂ ಇದ್ದಾರು ಅಂತ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಮೊದಲು ಮನೆಯಲ್ಲಿ ಕೇಳುತ್ತಿದ್ದೆ.

ಒಂದು ಮಾತಂತೂ ಖಚಿತ, ಅದೊಂದನ್ನು ಬರೆದುಕೊಡುತ್ತೇನೆ. ಆ ದಿನದ ‘ಬ್ಯಾಡ’ ಸುಮನಬಾಯಿಯದಲ್ಲ. ನನ್ನದು. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಫೋಟೋ ಇದ್ದರೆ ನಾನು ಬಯ್ದೆ ಅನ್ನುವ ಕಾರಣಕ್ಕೆ ಮುಚ್ಚಿಡಬೇಡಿರಿ, ಒಂದು ಪ್ರತಿ ಕಳಿಸಿರಿ. ಇದ್ದದ್ದನ್ನು ನೀವೇ ಸುಟ್ಟಿದ್ದರೂ ತಿಳಿಸಿರಿ, ಸಿಟ್ಟಾಗುವುದಿಲ್ಲ. ಒತ್ತಿಯೇ ಇರಲಿಲ್ಲ ಅಂತಾದರೆ ಅದನ್ನೂ ಬರೆಯಿರಿ. ನನ್ನ ದಾಕ್ಷಿಣ್ಯಕ್ಕೆ ಸುಳ್ಳು ಹೇಳಬೇಡಿರಿ, ಹುಡುಕಿ ನೋಡುತ್ತೇನೆ ಅಂತ ಕಾಯಿಸಬೇಡಿರಿ. ಇಲ್ಲ ಅಂದರೆ ಇಲ್ಲ. ವರ್ಷದ ಪೂಜೆಗೆ ಆಕೆಯ ಹಸಿರು ಸೀರೆ ಮಡಚಿ ಇಟ್ಟು, ಅದಕ್ಕೇ ಹೂವು ಏರಿಸುತ್ತೇವೆ ಅಂತ ಕಮಳಾ ಹೇಳಿದ್ದಾಳೆ.

ಆದರೆ ಫೋಟೋ ಇಲ್ಲದಿದ್ದರೂ ನಿಮ್ಮ ಹತ್ತಿರ ಇನ್ನೊಂದು ಇದೆ. ಈ ಕಾಗದ ಬರೆಯುತ್ತಾ ಬರೆಯುತ್ತಾ ಅದು ನನಗೆ ತಿಳಿದದ್ದು. ಆಕೆ ನಿಮಗೆ ಏನು ಜವಾಬು ಕೊಡುತ್ತಿದ್ದಳು ಅಂತ ಅವತ್ತು ಬಸ್ಸಿನಲ್ಲಿ ನಾನು ಕೇಳಲಿಲ್ಲ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ಕೇಳಲಿಲ್ಲ, ಹೂಂ ಅಂದುಬಿಟ್ಟಾಳು ಅಂತ ಹೆದರಿಕೆಯೋ ಏನೋ. ನಾನು ಕಂಡದ್ದು ಇಷ್ಟೇ: ನೀವು ಕೇಳಿದಿರಿ, ಆಕೆಯ ಕೈ ಸೆರಗಿಗೆ ಹೋಯಿತು, ತಲೆಯ ಮೇಲೆ ಸರಿಮಾಡಿಕೊಂಡಳು, ಕುತ್ತಿಗೆ ಒಂದಿಷ್ಟು ನೆಟ್ಟಗಾಯಿತು. ಅಷ್ಟರಲ್ಲಿ ನಾನು ಒದರಿದೆ. ನನ್ನ ಕಡೆ ಬೆನ್ನಿತ್ತು. ಮುಖ ನಿಮ್ಮ ಕಡೆ ಇತ್ತು.

ನೀವು ಮುಖ ನೋಡುವ ಕಸುಬಿನವರು. ಎರಡೇ ಸಾಲು ಬರೆಯಿರಿ. ನಿಮ್ಮದೊಂದು ಫೋಟೋ ತೆಗೀಲೇನು ಅಂತ ಕೇಳಿದಾಗ, ನನ್ನ ದನಿ ಬೀಳುವುದಕ್ಕೆ ಮೊದಲು, ಆಕೆ ನಕ್ಕಳೇನು?

ನಿಮ್ಮ ಕೈ ನಡುಗದಿರಲಿ. ನಿಮ್ಮ ಮುಂದೆ ನಿಲ್ಲುವವರು ಮನಸ್ಸಿನಿಂದ ಬಂದು ನಿಲ್ಲಲಿ. ಮನೆಮಂದಿಯೆಲ್ಲ ಸುಖವಾಗಿರಿ.

ಇಂತಿ,
ಸುಮನಬಾಯಿಯ ಗಂಡ
ದಿಗಂಬರ